ಸೊಂಟ ಬಗ್ಗಿಸುವುದೆಂದರೆ ಎಲ್ಲಿಂದ?

ಮನೆಯಲ್ಲಿ ಮಾಡಲು ಸಾಂಪ್ರದಾಯಿಕ ಡಂಬಲ್ ವ್ಯಾಯಾಮ ಒಳ್ಳೆಯದೋ, ದಿನನಿತ್ಯದ ಕೆಲಸಗಳ ಚಲನೆಯನ್ನೇ ಅಭ್ಯಾಸ ಮಾಡಿಸುವ ಈಗಿನ ‘ಫಂಕ್ಷನಲ್’ ವ್ಯಾಯಾಮ ಒಳ್ಳೆಯದೋ ಎಂದು ಕೇಳಿಕೊಂಡು ದಾವಣಗೆರೆಯ ನನ್ನ ಫಿಸಿಯೋಥೆರಪಿ ಚಿಕಿತ್ಸಾಲಯಕ್ಕೆ ಬರುವವರಲ್ಲಿ ಬಹುಪಾಲು ಜನ ಅಷ್ಟರಲ್ಲಾಗಲೇ ಬೆನ್ನು ಹಿಡಿಸಿಕೊಂಡಿರುತ್ತಾರೆ. ಕಳೆದ ವರ್ಷ ಬಂದ ನಿವೃತ್ತ ಮೇಷ್ಟ್ರೊಬ್ಬರು ಎರಡು ವರ್ಷ ಬಿಡದೆ ಹತ್ತು ಕೆ.ಜಿ. ಡಂಬಲ್ ಹಿಡಿದು ತೋಳು ಮಡಿಸಿದವರು. ಗ್ಯಾಸ್ ಸಿಲಿಂಡರ್ ಎತ್ತಲು ಹೋಗಿ ಅಡುಗೆಮನೆಯ ಬಾಗಿಲಲ್ಲೇ ಕುಸಿದರು. ಒಳಗಿನ 14.2 ಕೆ.ಜಿ. ಅನಿಲಕ್ಕೆ ಉಕ್ಕಿನ ತೂಕವೂ ಸೇರಿದರೆ ತುಂಬಿದ ಸಿಲಿಂಡರ್ ಸುಮಾರು 30 ಕೆ.ಜಿ. ತೂಗುತ್ತದೆ, ಮತ್ತು ಅದನ್ನು ನೆಲದಿಂದ ಮೇಲೆತ್ತುವ ಕೆಲಸದಲ್ಲಿ ತೋಳಿನ ಪಾಲು ತೀರ ಕಡಿಮೆ.

ಹಾಗೆಂದು ಅವರ ಮಗ ‘ಫಂಕ್ಷನಲ್’ ಎಂದು ಹೇಳಿ ಅವರನ್ನು ದಿಂಬಿನ ಮೇಲೆ ಒಂಟಿ ಕಾಲಲ್ಲಿ ನಿಲ್ಲಿಸಿದ್ದನ್ನು ನಾನು ಒಪ್ಪುವುದಿಲ್ಲ. ಅಲುಗಾಡುವ ನೆಲೆಯ ಮೇಲೆ ನಿಂತವರು ಹೆಚ್ಚು ಭಾರ ಎತ್ತಲಾರರು. ಭಾರ ಹೆಚ್ಚದಿದ್ದರೆ ಬಲವೂ ಹೆಚ್ಚದು. ನಮ್ಮ ಗರಡಿಮನೆಗಳ ಬಸ್ಕಿಯನ್ನು ಯಾವ ಪಟ್ಟಿಗೆ ಸೇರಿಸುತ್ತೀರಿ? ಸಾಂಪ್ರದಾಯಿಕವೂ ಹೌದು, ಬಚ್ಚಲಿನ ಮಣೆಯಿಂದ ಏಳುವುದಕ್ಕೆ ಬೇಕಾದ ಬಲವೂ ಅದೇ.

ನಾನು ದಿನಕ್ಕೆ ಹತ್ತು ಸಲ ಹೇಳಿ ಸೋಲುವ ಸಂಗತಿ ಬೇರೆಯೇ ಇದೆ, ಮತ್ತು ಅದರಲ್ಲಿ ತಪ್ಪು ಸ್ವಲ್ಪ ನಮ್ಮ ಭಾಷೆಯದು. ‘ಸೊಂಟ ಬಗ್ಗಿಸಿ’ ಎಂದರೆ ಜನ ನಡು ಬಗ್ಗಿಸುತ್ತಾರೆ, ಏಕೆಂದರೆ ಸೊಂಟ ನೋವು ಎಂದು ನಾವು ಕರೆಯುವುದೇ ಕೆಳಬೆನ್ನಿನ ನೋವನ್ನು. ನಾನು ಹೇಳುತ್ತಿರುವುದು ತೊಡೆಯ ಮೂಳೆ ಸೇರುವ ಕೀಲನ್ನು, ಅಂದರೆ ಕುಳಿತಾಗ ಪ್ಯಾಂಟು ಮಡಿಕೆ ಬೀಳುವ ಜಾಗವನ್ನು. ಗೋಡೆಗೆ ಬೆನ್ನು ಮಾಡಿ ಒಂದು ಗೇಣು ಮುಂದೆ ನಿಂತು, ಮಂಡಿಯನ್ನು ತುಸುವೇ ಸಡಿಲಿಸಿ, ಪೃಷ್ಠವನ್ನು ಹಿಂದಕ್ಕೆ ತಳ್ಳಿ ಗೋಡೆ ಮುಟ್ಟಿಸಿ. ತೊಡೆಯ ಹಿಂಭಾಗ ಬಿಗಿದರೆ ಸರಿಯಾದ ಕೀಲು ಬಾಗಿದೆ. ಮೇಷ್ಟ್ರ ಬೆನ್ನಿಗೆ ಉದ್ದಕ್ಕೂ ಒಂದು ಕೋಲು ಹಿಡಿಸಿ, ತಲೆ, ಬೆನ್ನು, ಬಾಲಮೂಳೆ ಮೂರಕ್ಕೂ ತಾಗಿರಲಿ ಎಂದೆ. ಬಾಗಿದ ಕೂಡಲೇ ಕೋಲಿನ ಕೆಳತುದಿ ಬಾಲಮೂಳೆ ಬಿಟ್ಟು ಎದ್ದಿತು. ‘ಬಗ್ಗಿದೆನಲ್ಲ ಡಾಕ್ಟ್ರೇ!’ ಎಂದು ನನ್ನನ್ನೇ ಗದರಿದರು. ನಾಲ್ಕನೆಯ ದಿನ ಕೋಲು ಕದಲಲಿಲ್ಲ.

ಬೆನ್ನು ಬಾಗುವುದೇ ಅಪಾಯವೆಂದು ನಾನು ಹೇಳುತ್ತಿಲ್ಲ. ಬೆನ್ನುಮೂಳೆ ಇರುವುದೇ ಬಾಗುವುದಕ್ಕೆ. ಅಭ್ಯಾಸವಿಲ್ಲದ ಭಾರವನ್ನು ಪೃಷ್ಠ ಮತ್ತು ತೊಡೆಗಳ ದೊಡ್ಡ ಸ್ನಾಯುಗಳಿಗೆ ಬಿಡದೆ ನಡುವಿನಿಂದ ಒಮ್ಮೆಲೇ ಎತ್ತುವುದನ್ನಷ್ಟೇ ತಪ್ಪಿಸಬೇಕು ಎಂಬುದು ನನ್ನ ಅನುಭವ.

ಕೀಲು ಗುರುತು ಸಿಕ್ಕ ಮೇಲೆ ಸಲಕರಣೆಯ ಚಿಂತೆಯಿಲ್ಲ. 20 ಲೀಟರಿನ ಕ್ಯಾನಿಗೆ ಐದು ಲೀಟರ್ ನೀರು ತುಂಬಿಸಿ ಎಂಟು ಸಲ ಎತ್ತಿಳಿಸಿ. ಹನ್ನೆರಡು ಸಲ ಸಲೀಸಾದ ಮೇಲೆ ಮಾತ್ರ ಇನ್ನೊಂದು ಲೀಟರ್ ಸೇರಿಸಿ. ಒಂದು ಲೀಟರ್ ಎಂದರೆ ಒಂದು ಕೆ.ಜಿ., ಲೆಕ್ಕ ಸುಲಭ. ವಾರಕ್ಕೆ ಎರಡು ದಿನವಾದರೂ ಎಲ್ಲ ಮುಖ್ಯ ಸ್ನಾಯುಗಳಿಗೆ ಕೆಲಸ ಕೊಡಬೇಕೆಂದು ವಿಶ್ವ ಆರೋಗ್ಯ ಸಂಸ್ಥೆ 2020ರ ಮಾರ್ಗಸೂಚಿಯಲ್ಲಿ ಹೇಳಿದೆ. 65 ದಾಟಿದವರು ಸಮತೋಲನ ಮತ್ತು ಬಲದ ಅಭ್ಯಾಸವನ್ನು ವಾರಕ್ಕೆ ಮೂರು ದಿನ ಸೇರಿಸಿಕೊಳ್ಳಬೇಕು. ಸಮತೋಲನಕ್ಕೆ ದಿಂಬು ಬೇಡ, ಗೋಡೆಯ ಪಕ್ಕ ಗಟ್ಟಿ ನೆಲ ಸಾಕು. ಕಾಲಿಗೆ ಜೋಮು ಇಳಿಯುತ್ತಿದ್ದರೆ ಇದಾವುದನ್ನೂ ಮಾಡದೆ ವೈದ್ಯರನ್ನು ಕಾಣಿ. ಮೂತ್ರದ ಹಿಡಿತ ತಪ್ಪಿದರೆ ಅದೇ ಗಳಿಗೆಯಲ್ಲಿ ಆಸ್ಪತ್ರೆಗೆ ಹೋಗಿ.

ಕೆಲವರು ಖುಷಿಗಾಗಿ ಮಂಡಕ್ಕಿ ಚೀಲ ಎತ್ತಿ ತೋರಿಸುತ್ತಾರೆ. ಗಾತ್ರ ಆಳೆತ್ತರ, ತೂಕ ಅಷ್ಟಕ್ಕಷ್ಟೇ. ನಾನು ನೋಡುವುದು ಅಕ್ಕಿ ಚೀಲವನ್ನು.

ಮೇಷ್ಟ್ರು ಈಗ ತುಂಬಿದ ಕ್ಯಾನನ್ನು ಎತ್ತುತ್ತಾರೆ, ತೋಳು ಮಡಿಸುವುದನ್ನೂ ಬಿಟ್ಟಿಲ್ಲ, ನಾನೂ ಬೇಡವೆಂದಿಲ್ಲ. ಸಿಲಿಂಡರಿನ ಹತ್ತಿರ ಮಾತ್ರ ಅವರ ಮನೆಯವರು ಇನ್ನೂ ಬಿಟ್ಟುಕೊಂಡಿಲ್ಲ. ಅದರಲ್ಲಿ ನಾನು ತಲೆ ಹಾಕುವುದಿಲ್ಲ.