ಟೈಟ್ ಇರುವುದೇ ಆ ಬೋಲ್ಟಿನ ಕೆಲಸ

ಕುಮಟಾದಲ್ಲಿ ಗ್ಯಾರೇಜ್ ಇಟ್ಟವನಿಗೆ ಎರಡು ಸೀಮೆಯ ಗಿರಾಕಿಗಳು. ಕಾರವಾರ, ಅಂಕೋಲಾ ಕಡೆಯಿಂದ ಹೈವೇ ಹಿಡಿದು ಬರುವವರು ಕೆಲವರು, ದೇವಿಮನೆ ಘಾಟಿ ಇಳಿದು ಬರುವ ಶಿರಸಿ ಕಡೆಯವರು ಕೆಲವರು. ಊಟದಿಂದ ಹಿಡಿದು ಮಾತಿನವರೆಗೆ ಇಬ್ಬರದೂ ಬೇರೆ ಬೇರೆ. ಕ್ರ್ಯಾಂಕ್ ಪುಲ್ಲಿಯ, ಅಂದರೆ ಎಂಜಿನ್ನಿನ ಮುಖ್ಯ ದಂಡವಾದ ಕ್ರ್ಯಾಂಕಿನ ತುದಿಯಲ್ಲಿ ಬೆಲ್ಟ್ ತಿರುಗಿಸುವ ಗಾಲಿಯ, ಬೋಲ್ಟ್ ವಿಷಯ ಬಂದರೆ ಮಾತ್ರ ಒಂದೇ ಮಾತು: ಜಂಗು ಹಿಡಿದಿದೆ. ಕರಾವಳಿಯವರು ಉಪ್ಪು ಗಾಳಿಯನ್ನು ಬೈಯುತ್ತಾರೆ, ಘಟ್ಟದವರು ಮಳೆಯನ್ನು.

ಹೆಚ್ಚಿನ ಸಲ ಅದು ಜಂಗು ಅಲ್ಲವೇ ಅಲ್ಲ. ಆ ಬೋಲ್ಟಿನ ಥ್ರೆಡ್ ಇರುವುದು ಕ್ರ್ಯಾಂಕಿನ ಮೂಗಿನ, ಅಂದರೆ ಮುಂದೆ ಚಾಚಿದ ತುದಿಯ, ಒಳಗೆ. ಹೊರಗೆ ಕಾಣುವುದು ತಲೆ ಮಾತ್ರ, ಅದರ ಅಡಿಗೆ ದಪ್ಪ ವಾಷರ್. ಗಾಳಿ, ಮಳೆ ಅಷ್ಟು ಸುಲಭವಾಗಿ ಒಳಗೆ ಹೋಗುವುದಿಲ್ಲ. ಅದಕ್ಕೇ ನೀವು ರಾತ್ರಿಯಿಡೀ ಸ್ಪ್ರೇ ಹೊಡೆದಿಟ್ಟರೂ ಏನೂ ಆಗುವುದಿಲ್ಲ, ನೆಲ ಒದ್ದೆಯಾಗುತ್ತದೆ ಅಷ್ಟೇ. ಬೋಲ್ಟ್ ಬಾರದಿರುವುದಕ್ಕೆ ಕಾರಣ, ಕಂಪನಿಯವರು ಅದನ್ನು ಅಷ್ಟು ಟೈಟ್ ಮಾಡಿ ಕಳಿಸಿದ್ದಾರೆ. ತಿರುಗಿಸುವ ಬಲಕ್ಕೆ ಟಾರ್ಕ್ ಅನ್ನುತ್ತಾರೆ, ಅದರ ಲೆಕ್ಕ ನ್ಯೂಟನ್ ಮೀಟರಿನಲ್ಲಿ. 200 ನ್ಯೂಟನ್ ಮೀಟರ್ ಎಂದರೆ, ಒಂದು ಮೀಟರ್ ಉದ್ದದ ಪೈಪಿನ ತುದಿಗೆ ಸುಮಾರು 20 ಕಿಲೋ ತೂಕ ನೇತುಹಾಕಿದ ಹಾಗೆ. ಕೆಲವು ಎಂಜಿನ್‌ಗಳಿಗೆ ಇದಕ್ಕಿಂತ ಕಡಿಮೆ, ಕೆಲವಕ್ಕೆ ಜಾಸ್ತಿ. ಇನ್ನು ಕೆಲವಕ್ಕೆ ಇಷ್ಟು ಟಾರ್ಕ್ ಕೊಟ್ಟ ಮೇಲೆ ಮತ್ತೆ 90 ಡಿಗ್ರಿ ತಿರುಗಿಸಬೇಕು. ಹಾಗೆ ತಿರುಗಿಸಿದಾಗ ಬೋಲ್ಟ್ ಎಳೆದು ಸ್ವಲ್ಪ ಉದ್ದವಾಗುತ್ತದೆ. ಆ ಎಳೆತವೇ ಪುಲ್ಲಿಯನ್ನು ಒತ್ತಿ ಹಿಡಿಯುವುದು.

ಬಿಚ್ಚುವ ಕೆಲಸ ಹುಡುಗರಿಗೆ ಗೊತ್ತೇ ಇದೆ. ಪುಲ್ಲಿ ಇರುವ ಕಡೆಯ, ಹೆಚ್ಚಾಗಿ ಬಲಗಡೆಯ, ಮುಂದಿನ ಚಕ್ರ ತೆಗಿ, ಒಳಗಿನ ಪ್ಲಾಸ್ಟಿಕ್ ತೆಗಿ, ಆರು ಮೂಲೆಯ ಇಂಪ್ಯಾಕ್ಟ್ ಸಾಕೆಟ್ ಹಾಕು, ಗಾಳಿಯ ಬಲದಿಂದ ಬೋಲ್ಟ್ ಬಿಚ್ಚುವ ಗನ್ ಹಿಡಿ. ಗನ್ ಸೋತರೆ ಬೋಲ್ಟನ್ನು ಬೈಯುವ ಮೊದಲು ಕಂಪ್ರೆಸರ್ ನೋಡಿ. ಟ್ಯಾಂಕಿನಲ್ಲಿ ಗಾಳಿ ಇದೆಯಾ, ಗಾಳಿಯ ಪೈಪ್ ತೀರಾ ಸಣ್ಣದಾ, ಸಾಕೆಟ್ಟಿಗೂ ಗನ್ನಿಗೂ ನಡುವೆ ಉದ್ದದ ಎಕ್ಸ್‌ಟೆನ್ಷನ್ ಹಾಕಿದ್ದೀರಾ? ಆ ಎಕ್ಸ್‌ಟೆನ್ಷನ್ ತಿರುಚಿಕೊಂಡು ಅರ್ಧ ಪೆಟ್ಟು ತಾನೇ ನುಂಗುತ್ತದೆ. ಗನ್ ಇಲ್ಲದಿದ್ದರೆ ಐದನೇ ಗೇರ್ ಹಾಕಿ, ಒಬ್ಬ ಬ್ರೇಕ್ ಒತ್ತಿ ಕೂತು, ಇನ್ನೊಬ್ಬ ಸಾಕೆಟ್ಟಿನ ಹಿಡಿಗೆ ಉದ್ದದ ಪೈಪ್ ಹಾಕಿ ಎಳೆಯುವುದು. ಆಟೋಮ್ಯಾಟಿಕ್ ಗಾಡಿಯಲ್ಲಿ ಇದು ನಡೆಯುವುದಿಲ್ಲ, ಕ್ರ್ಯಾಂಕಿನ ಇನ್ನೊಂದು ತುದಿಯ ಫ್ಲೈವೀಲ್ ಕಡೆಯಿಂದ ಲಾಕ್ ಮಾಡಬೇಕು. ಟೈಮಿಂಗ್ ಪಿನ್ನನ್ನು ಲಾಕ್ ಅಂದುಕೊಂಡು ಅದರ ಮೇಲೆ ಜೋರು ಹಾಕಬೇಡಿ. ಅದು ಕ್ರ್ಯಾಂಕ್ ಸರಿಯಾದ ಜಾಗದಲ್ಲಿ ನಿಂತಿದೆಯಾ ಅನ್ನುವ ಗುರುತಿಗೆ ಇರುವುದು. ಮುರಿಯುತ್ತದೆ.

ಎರಡು ವಿಷಯಕ್ಕೆ ಮಾತ್ರ ನಾನು ಬೈಯುತ್ತೇನೆ. ಒಂದು, ಗ್ಯಾಸ್ ಹಚ್ಚಿ ಕಾಯಿಸುವುದು. ಪುಲ್ಲಿಯ ಹಿಂದೆಯೇ ಆಯಿಲ್ ಸೀಲ್ ಇದೆ, ಎಷ್ಟೋ ಪುಲ್ಲಿಗಳ ನಡುವೆ ರಬ್ಬರ್ ಪಟ್ಟಿಯೂ ಇದೆ. ಎರಡೂ ಹೋಗುತ್ತವೆ. ಇನ್ನೊಂದು, ಬೋಲ್ಟಿಗೆ ಹಾಕಿದ ಪೈಪನ್ನು ಚಾಸಿಗೆ ಆನಿಸಿಟ್ಟು, ಎಂಜಿನ್ನೇ ತಿರುಗಿ ಬೋಲ್ಟ್ ಬಿಚ್ಚಲಿ ಅಂತ ಸೆಲ್ಫ್ ಹೊಡೆಯುವುದು. ಕೆಲವರು ಇದನ್ನು ದೊಡ್ಡ ವಿದ್ಯೆ ಅನ್ನುವ ಹಾಗೆ ಮಾಡುತ್ತಾರೆ. ಪೈಪ್ ಜಾರಿದರೆ ಮುಂಗೈ ಮುರಿಯುತ್ತದೆ, ಎಂಜಿನ್ ಸ್ಟಾರ್ಟ್ ಆಗಿಬಿಟ್ಟರೆ ಕೇಳುವುದೇ ಬೇಡ. ಅದೂ ಅಲ್ಲದೆ, ಎಲ್ಲ ಎಂಜಿನ್ ಒಂದೇ ದಿಕ್ಕಿಗೆ ತಿರುಗುವುದಿಲ್ಲ. 1998ರಲ್ಲಿ ನಮ್ಮಲ್ಲಿ ಬಂದ ಮೊದಲ ಹೋಂಡಾ ಸಿಟಿಯ ಎಂಜಿನ್ ಉಳಿದವುಗಳ ಉಲ್ಟಾ ತಿರುಗುತ್ತದೆ. ಅದಕ್ಕೆ ಸೆಲ್ಫ್ ಹೊಡೆದರೆ ಬೋಲ್ಟ್ ಇನ್ನೂ ಟೈಟ್ ಆಗುತ್ತದೆ! ಇನ್ನು ಕೆಲವು ಡೀಸೆಲ್ ಎಂಜಿನ್‌ಗಳಲ್ಲಿ ಥ್ರೆಡ್ಡೇ ಉಲ್ಟಾ. ಪುಸ್ತಕ ನೋಡದೆ ಜೋರು ಹಾಕಬೇಡಿ.

ಸರಿಯಾಗಿ ಬಿಟ್ಟಾಗ ಟಕ್ ಅಂತ ಪೆಟ್ಟಿನಂಥ ಸದ್ದು ಬರುತ್ತದೆ. ಪಕ್ಕದಲ್ಲಿ ನಿಂತ ಗಾಡಿಯವರ ಮುಖ ಬಿಳಚಿಕೊಳ್ಳುತ್ತದೆ, ಮುರಿಯಿತು ಅಂದುಕೊಳ್ಳುತ್ತಾರೆ. ಅದು ಬಿಚ್ಚಿದ ಸದ್ದು. ಬೋಲ್ಟ್ ಬಂದ ಮೇಲೂ ಪುಲ್ಲಿ ಕೂತಲ್ಲೇ ಕೂತಿರುವುದುಂಟು, ಅಲ್ಲಿ ನಿಜವಾಗಿಯೂ ಜಂಗು ಇರಬಹುದು. ಪುಲ್ಲರ್ ಹಾಕಿ, ನಡುವಿನ ಹಬ್ ಹಿಡಿದು ಎಳೆಯಿರಿ. ಅಂಚು ಹಿಡಿದು ಎಳೆದರೆ ರಬ್ಬರ್ ಕಿತ್ತು ಬರುತ್ತದೆ.

ಇಷ್ಟೆಲ್ಲ ಆದ ಮೇಲೆ ಶುರುವಾಗುತ್ತದೆ ನೋಡಿ ನನ್ನ ತಲೆನೋವು. ಶಿರಸಿ ಕಡೆಯ ಹೆಗಡೆಯವರೊಬ್ಬರು, ಅಡಿಕೆ ತೋಟದವರು, ಬಹಳ ಒಳ್ಳೆಯ ಮನುಷ್ಯ. ಬರುವಾಗ ಬಾಳೆಗೊನೆ ತರದೆ ಬಂದವರಲ್ಲ. ನಮ್ಮ ಹುಡುಗ ಬೆವರು ಸುರಿಸುವುದನ್ನು ನೋಡಿ ಅವರಿಗೆ ಪಾಪ ಅನ್ನಿಸಿತು. ಬೋಲ್ಟ್ ವಾಪಸ್ ಹಾಕುವಾಗ ಹತ್ತಿರ ಬಂದು ಮೆಲ್ಲಗೆ ಹೇಳಿದರು: "ತಮಾ, ರಾಶಿ ಟೈಟ್ ಮಾಡಡ. ಮುಂದಿನ ಸಲ ಬಿಚ್ಚಲೆ ಕಷ್ಟ ಆಗ್ತು."

ಹೆಗಡೆಯವರೇ, ನಿಮ್ಮ ಮನಸ್ಸು ಒಳ್ಳೆಯದು, ಸಲಹೆ ಮಾತ್ರ ಎಂಜಿನ್ ತಿನ್ನುವಂಥದ್ದು. ತುಂಬಾ ಟೈಟ್ ಮಾಡಬೇಡ ಅಂತ ನನಗೆ ಹೇಳದ ಗಿರಾಕಿಯೇ ಕಡಿಮೆ. ಕೆಲವು ಮೆಕ್ಯಾನಿಕ್‌ಗಳೂ ಹೀಗೇ ಮಾಡುತ್ತಾರೆ, ಕೈ ಅಂದಾಜಿಗೆ ಬಿಗಿದು ಬಿಡುತ್ತಾರೆ. ಪುಲ್ಲಿಯನ್ನು ಹಿಡಿದಿರುವುದು ಅದರ ತೋಡಿನಲ್ಲಿರುವ ಸಣ್ಣ ಕಬ್ಬಿಣದ ತುಂಡು, ಅಂದರೆ ಕೀ, ಅಂತ ಬಹಳ ಜನರ ನಂಬಿಕೆ. ಆ ಕೀ ಮುಖ್ಯವಾಗಿ ಇರುವುದು ಪುಲ್ಲಿ ಸರಿಯಾದ ಜಾಗದಲ್ಲಿ ಕೂರಲಿ ಅಂತ. ಕೆಲವು ಎಂಜಿನ್‌ಗಳಲ್ಲಿ ಕೀ ಇರುವುದೇ ಇಲ್ಲ. ಆಲ್ಟರ್ನೇಟರ್, ಏಸಿ ಎಲ್ಲದರ ಎಳೆತ ಪುಲ್ಲಿಯ ಮೇಲೆ. ಎಂಜಿನ್ ಫೈರ್ ಆದಾಗಲೆಲ್ಲ ಕ್ರ್ಯಾಂಕಿಗೆ ಒಂದೊಂದು ಜರ್ಕು. ಇದನ್ನೆಲ್ಲ ತಡೆಯುವುದು ಬೋಲ್ಟಿನ ಒತ್ತು. ಎಷ್ಟೋ ಎಂಜಿನ್‌ಗಳಲ್ಲಿ ಹಿಂದಿರುವ, ವಾಲ್ವ್‌ಗಳು ಸರಿಯಾದ ಹೊತ್ತಿಗೆ ತೆರೆದು ಮುಚ್ಚುವಂತೆ ಮಾಡುವ ಟೈಮಿಂಗ್ ಗೇರನ್ನೂ ಇದೇ ಬೋಲ್ಟ್ ಒತ್ತಿ ಹಿಡಿದಿರುತ್ತದೆ.

ಒತ್ತು ಕಡಿಮೆಯಾದರೆ ಪುಲ್ಲಿ ಕಣ್ಣಿಗೆ ಕಾಣದಷ್ಟು ಅಲುಗುತ್ತದೆ. ಕಾವು ಸಡಿಲವಾದ ಕೊಡಲಿಯಲ್ಲಿ ಕಟ್ಟಿಗೆ ಒಡೆದ ಹಾಗೆ, ಪ್ರತಿ ಪೆಟ್ಟಿಗೂ ತೂತು ಅಗಲವಾಗುತ್ತಾ ಹೋಗುತ್ತದೆ. ಕೀ ಸವೆಯುತ್ತದೆ, ತೋಡು ಸವೆಯುತ್ತದೆ, ಕೊನೆಗೆ ಕ್ರ್ಯಾಂಕಿನ ಮೂಗೇ ಹಾಳು. ಟೈಮಿಂಗ್ ತಪ್ಪಿದರೆ ಕೆಲವು ಎಂಜಿನ್‌ಗಳಲ್ಲಿ ವಾಲ್ವ್ ಹೋಗಿ ಪಿಸ್ಟನ್ನಿಗೆ ಬಡಿಯುತ್ತದೆ.

ಅದಕ್ಕೊಂದು ಗುರುತು ಇದೆ. ವಾಷರ್ ಸುತ್ತ ಕೆಂಪು ಪುಡಿ, ಕುಂಕುಮಕ್ಕಿಂತ ಸ್ವಲ್ಪ ಕಂದು ಬಣ್ಣ, ಬೆರಳಿಗೆ ಹತ್ತುವಷ್ಟು ನುಣ್ಣಗೆ. ಕಾರವಾರದವರು ಅದನ್ನು ನೋಡಿ "ಉಪ್ಪು ಗಾಳಿ, ಎಂತ ಮಾಡೂದು" ಅನ್ನುತ್ತಾರೆ. ಅದು ಗಾಳಿಯಿಂದ ಬಂದದ್ದಲ್ಲ, ಎರಡು ಕಬ್ಬಿಣ ಒಂದಕ್ಕೊಂದು ಉಜ್ಜಿ ಉದುರಿದ ಪುಡಿ. ಜೊತೆಗೆ ಎಂಜಿನ್ ಓಡುವಾಗ ಪುಲ್ಲಿ ಓಲಾಡುತ್ತಿದ್ದರೆ ಗಾಡಿ ಓಡಿಸಬೇಡಿ. ಓಲಾಟ ಒಂದೇ ಇದ್ದರೆ ರಬ್ಬರ್ ಹೋಗಿರಲೂಬಹುದು, ಬಿಚ್ಚಿ ನೋಡದೆ ಹೇಳುವುದು ಕಷ್ಟ.

ಹಾಕುವಾಗ ಟಾರ್ಕ್ ರೆಂಚ್ ಬೇಕೇ ಬೇಕು. ಗನ್ ಇರುವುದು ಬಿಚ್ಚಲಿಕ್ಕೆ. ಥ್ರೆಡ್ಡಿಗೆ ಆಯಿಲ್ ಹಚ್ಚಬೇಕಾ, ಒಣಗಿಸಿ ಹಾಕಬೇಕಾ ಅನ್ನುವುದೂ ಎಂಜಿನ್ನಿಗೆ ತಕ್ಕ ಹಾಗೆ ಬೇರೆ, ಯಾಕೆಂದರೆ ಆಯಿಲ್ ಇದ್ದರೆ ಅದೇ ಟಾರ್ಕಿಗೆ ಒತ್ತು ಜಾಸ್ತಿ ಬೀಳುತ್ತದೆ. ಡಿಗ್ರಿ ಲೆಕ್ಕದಲ್ಲಿ ತಿರುಗಿಸುವ ಬೋಲ್ಟನ್ನು ಹೆಚ್ಚಾಗಿ ಮತ್ತೆ ಬಳಸುವಂತಿಲ್ಲ. ಹೊಸದು ಇಲ್ಲಿ ಸಿಗದಿದ್ದರೆ ಹುಬ್ಬಳ್ಳಿಯಿಂದ ತರಿಸುತ್ತೇವೆ. ಅಲ್ಲಿಯವರೆಗೆ ಗಾಡಿ ಗ್ಯಾರೇಜಿನಲ್ಲೇ ಇರಲಿ, "ಹಳೇದೇ ಹಾಕಿ ಕೊಡು ಮಾರಾಯಾ, ನಾಳೆ ಮದುವೆ ಇದೆ" ಅನ್ನಬೇಡಿ. ಮದುವೆಗೆ ಬಸ್ಸಿನಲ್ಲಿ ಹೋಗಿ ಬನ್ನಿ.