ಆ ಕಪ್ಪು ಗೆರೆಯನ್ನು ಯಾರೂ ಕೆತ್ತಿಲ್ಲ

‘ಅಡಿಯಲ್ಲೇ ಫೋಟೋದಿಂದ ಎಂದು ಬರೆದಿದೆ, ಹಾಗಾದರೆ ಇದು ಫೋಟೋ ತಾನೇ?’ 19ನೇ ಶತಮಾನದ ಸಚಿತ್ರ ಪತ್ರಿಕೆಯ ಪುಟ ಹಿಡಿದು ಬರುವವರೆಲ್ಲ ಇದನ್ನೇ ಕೇಳುತ್ತಾರೆ. ‘ಇಂದ’ ಎಂಬ ಪ್ರತ್ಯಯವನ್ನು ದಯವಿಟ್ಟು ಗಮನಿಸಿ. 1862ರ ಅಕ್ಟೋಬರ್ 18ರ ಅಮೆರಿಕದ ವಾರಪತ್ರಿಕೆ ‘ಹಾರ್ಪರ್ಸ್ ವೀಕ್ಲಿ’ಯಲ್ಲಿರುವ, ಅಲ್ಲಿನ ಅಂತರ್ಯುದ್ಧದ ಆಂಟೀಟಮ್ ರಣರಂಗದ ಹೆಣಗಳ ಚಿತ್ರಗಳು ಛಾಯಾಗ್ರಾಹಕ ಬ್ರೇಡಿಯ ಸ್ಟುಡಿಯೋದ ಫೋಟೋಗಳನ್ನು ನೋಡಿ ಮರದಲ್ಲಿ ಕೆತ್ತಿದವು.

ಫೋಟೋದಲ್ಲಿ ಬೂದುಬಣ್ಣವಿದೆ, ಮರದಚ್ಚಿನಲ್ಲಿ ಇಲ್ಲ. ಉಬ್ಬಿದ ಭಾಗಕ್ಕೆ ಮಸಿ ಹತ್ತುತ್ತದೆ, ತೋಡಿದ ಭಾಗ ಬಿಳಿಯಾಗಿ ಉಳಿಯುತ್ತದೆ. ಅಂದರೆ ಉಳಿ ಹಾಕಿದ್ದೆಲ್ಲ ಬಿಳಿ. ಡೇರೆಯ ಒಂದು ಕಪ್ಪು ಹಗ್ಗ ಬೇಕಿದ್ದರೆ ಅದರ ಎರಡೂ ಬದಿ ತೋಡಬೇಕು. ಕಪ್ಪು ಗೆರೆಗಳು ಒಂದಕ್ಕೊಂದು ಅಡ್ಡ ಹಾಯುವ ನೆರಳು ಬೇಕೆಂದರೆ ನಡುವಿನ ಒಂದೊಂದು ಚೌಕವನ್ನೂ ಬಿಡಿಯಾಗಿ ಎತ್ತಿ ತೆಗೆಯಬೇಕು. ಬೂದು ಆಕಾಶಕ್ಕೆ ಒತ್ತೊತ್ತಾಗಿ ಸಮಾನಾಂತರ ಗೆರೆಗಳು. ಉಳಿಯ ಬಾಯಿ ಬೆಣೆಯಂತಿರುವುದರಿಂದ ಕೈ ತುಸು ಹೆಚ್ಚು ಒತ್ತಿದರೂ ಗೆರೆ ಅಗಲವಾಗಿ ಆಕಾಶದಲ್ಲಿ ಬಿಳಿ ಪಟ್ಟೆ ಮೂಡುತ್ತದೆ. ಅಳಿಸುವಂತಿಲ್ಲ; ಅಷ್ಟು ಜಾಗ ಕೊರೆದು, ಮರದ ಬೆಣೆ ಬಡಿದು, ಮಟ್ಟಮಾಡಿ ಮತ್ತೆ ಕೆತ್ತಬೇಕು.

ಮರ ಬಾಕ್ಸ್‌ವುಡ್. ಎಳೆಗೆ ಅಡ್ಡಲಾಗಿ ಕೊಯ್ದ ಬಿಲ್ಲೆ, ಎತ್ತರ ಅಚ್ಚುಮೊಳೆಯಷ್ಟೇ, ಸುಮಾರು 23.3 ಮಿ.ಮೀ. ಕಾಂಡ ಸಣ್ಣದು, ಹಾಗಾಗಿ ದೊಡ್ಡ ಚಿತ್ರಕ್ಕೆ ಹಲವು ತುಂಡುಗಳನ್ನು ಹಿಂಬದಿಯಿಂದ ಬೋಲ್ಟ್ ಹಾಕಿ ಜೋಡಿಸುತ್ತಿದ್ದರು. ಮೇಸ್ತ್ರಿ ಮೊದಲು ಸಂದುಗಳ ಮೇಲೆ ಹಾಯುವ ಗೆರೆಗಳನ್ನು ಕೆತ್ತಿ, ಬೋಲ್ಟ್ ಬಿಚ್ಚಿ, ತುಂಡುಗಳನ್ನು ಹಲವರಿಗೆ ಹಂಚುತ್ತಿದ್ದ. ಸುದ್ದಿ ಹಳಸುವ ಮುನ್ನ ಮುಗಿಯಬೇಕಲ್ಲ. ಸಂದು ಸಡಿಲವಾದರೆ ಚಿತ್ರದ ಉದ್ದಕ್ಕೂ ಕೂದಲೆಳೆಯಷ್ಟು ನೇರ ಬಿಳಿ ಗೆರೆ. ಭೂತಗನ್ನಡಿಯಲ್ಲಿ ನಾನು ಮೊದಲು ಹುಡುಕುವುದು ಅದನ್ನೇ. ಬೇರೆ ಬೇರೆ ಗಾತ್ರದ ಚುಕ್ಕಿಗಳ ಜಾಲರಿ ಕಂಡರೆ ಅದು ಹಾಫ್‌ಟೋನ್, ಫೋಟೋವನ್ನೇ ಚುಕ್ಕಿಗಳಾಗಿ ಒಡೆದು ಮುದ್ರಿಸುವ ವಿಧಾನ; ಬೇರೆಯೇ ಕಥೆ.

ಮುಂದೆ ಫೋಟೋವನ್ನು ನೇರವಾಗಿ ಮರದ ಮೇಲೆಯೇ ಮೂಡಿಸಿದರು. ಫೋಟೋ ಮೂಡಿಸಲು ಮರಕ್ಕೆ ಬಳಿದ ಲೇಪ ದಪ್ಪವಾದರೆ ಉಳಿ ತಾಗಿದೊಡನೆ ಚಕ್ಕೆ ಏಳುತ್ತಿತ್ತು. ನೆಗೆಟಿವ್ ತಿರುಗಿಸಲು ಮರೆತರೆ ಮುದ್ರಣದಲ್ಲಿ ಅಂಗಡಿಯ ಬೋರ್ಡು ಉಲ್ಟಾ. ಅಷ್ಟಾದರೂ ಯಾವ ಬೂದು ಛಾಯೆಗೆ ಯಾವ ಗೆರೆ ಎಂಬ ನಿರ್ಧಾರ ಕೆತ್ತುವವನದೇ. ಆ ಕಾಲದ ಕೊಲೋಡಿಯನ್ ಫಲಕಗಳಲ್ಲಿ (ರಾಸಾಯನಿಕ ಲೇಪಿಸಿದ ಗಾಜಿನ ನೆಗೆಟಿವ್‌ಗಳಲ್ಲಿ) ಆಕಾಶ ಸಾಮಾನ್ಯವಾಗಿ ಬರಿದಾಗಿ ಬರುತ್ತಿತ್ತು. ಹಾಗಾಗಿ ಅಚ್ಚಿನಲ್ಲಿ ಮೋಡ ಕಂಡರೆ ಕೈಯಿಂದ ಸೇರಿಸಿದ್ದಿರಬಹುದು. ಮೂಲ ಫೋಟೋ ಎದುರಿಗಿಡದೆ ಖಚಿತವಾಗಿ ಹೇಳಲಾರೆ.

1877ರ ಅಕ್ಟೋಬರ್ 20ರ ‘ಇಲ್ಲಸ್ಟ್ರೇಟೆಡ್ ಲಂಡನ್ ನ್ಯೂಸ್’ನಲ್ಲಿ ಬೆಂಗಳೂರಿನಲ್ಲಿ ಬರಪರಿಹಾರಕ್ಕೆ ಕಾದಿರುವ ಜನರ ಚಿತ್ರವಿದೆ. ಅದೂ ಮರದಚ್ಚೇ. ಸ್ಕ್ಯಾನ್ ಮಾಡಿ, ಹಿಗ್ಗಿಸಿ, ಅಲ್ಲಿನ ಮುಖಗಳಿಂದ ಜಾತಿ, ವಯಸ್ಸು ಓದಲು ಹೊರಡಬೇಡಿ. ಹಿಗ್ಗಿಸಿದಷ್ಟೂ ಕಾಣುವುದು ಉಳಿಯ ಗೀರುಗಳು, ಆ ನತದೃಷ್ಟರ ಚರ್ಮವಲ್ಲ.