ತೊಂಬತ್ತೈದು ನಿಮಿಷಗಳ ಲೆಕ್ಕ: ಹಬಲ್ ದೂರದರ್ಶಕದ ದಿನಚರಿ

ಹಬಲ್ ಬಾಹ್ಯಾಕಾಶ ದೂರದರ್ಶಕ ತೆಗೆದ ಚಿತ್ರಗಳನ್ನು ನೋಡಿದವರಿಗೆ, ಅದು ಕಡುಗತ್ತಲಿನಲ್ಲಿ ನಿರಾತಂಕವಾಗಿ ತೇಲುತ್ತ, ಬೇಕೆನಿಸಿದ ಗ್ಯಾಲಕ್ಸಿಯತ್ತ ಬೇಕೆನಿಸಿದಷ್ಟು ಹೊತ್ತು ಕಣ್ಣು ನೆಟ್ಟಿರುತ್ತದೆ ಎಂದು ತೋರುವುದು ಸಹಜ. ವಾಸ್ತವದಲ್ಲಿ ಅದಕ್ಕೆ ಅಷ್ಟು ಬಿಡುವಿಲ್ಲ. 1990ರ ಏಪ್ರಿಲ್ 24ರಂದು ಡಿಸ್ಕವರಿ ನೌಕೆಯಲ್ಲಿ ಮೇಲೇರಿದ ಈ ದೂರದರ್ಶಕ ಭೂಮಿಯಿಂದ ಸುಮಾರು ಐನೂರು ಕಿಲೋಮೀಟರ್ ಎತ್ತರದಲ್ಲಿ, ಗಂಟೆಗೆ 27,000 ಕಿ.ಮೀ.ಗೂ ಮೀರಿದ ವೇಗದಲ್ಲಿ ಸುತ್ತುತ್ತಿದ್ದು, ಸುಮಾರು 95 ನಿಮಿಷಗಳಿಗೊಮ್ಮೆ ಒಂದು ಪ್ರದಕ್ಷಿಣೆ ಮುಗಿಸುತ್ತದೆ. ಅಷ್ಟು ಹತ್ತಿರದಿಂದ ನೋಡಿದರೆ ಭೂಮಿಯೊಂದೇ ಆಕಾಶದ ಮೂರನೆಯ ಒಂದು ಭಾಗದಷ್ಟನ್ನು ಮುಚ್ಚಿಬಿಡುತ್ತದೆ. ಹೀಗಾಗಿ ಬಹುಪಾಲು ನಕ್ಷತ್ರಗಳು ಪ್ರತಿ ಸುತ್ತಿನಲ್ಲೂ ಒಮ್ಮೆ ಭೂಮಿಯ ಹಿಂದೆ ಮುಳುಗಿ ಮತ್ತೊಮ್ಮೆ ಮೂಡುತ್ತವೆ, ಮತ್ತು ಒಂದು ಸುತ್ತಿನಲ್ಲಿ ಒಂದು ಗುರಿಯನ್ನು ನೋಡಲು ಸಿಗುವ ಸಮಯ ಹೆಚ್ಚೆಂದರೆ ಐವತ್ತು-ಅರವತ್ತು ನಿಮಿಷ. ಹಬಲ್‌ನ ದಿನನಿತ್ಯದ ಕೆಲಸವೆಂದರೆ ಈ ನಿಮಿಷಗಳನ್ನು ಪೋಲಾಗದಂತೆ ಹಂಚುವ ಕೆಲಸ. 2.4 ಮೀಟರ್ ವ್ಯಾಸದ ಕನ್ನಡಿಯ ಬಗ್ಗೆ ಬರೆದಷ್ಟು ಯಾರೂ ಅದರ ವೇಳಾಪಟ್ಟಿಯ ಬಗ್ಗೆ ಬರೆದಿಲ್ಲವೆಂಬುದು ನನಗೆ ಸ್ವಲ್ಪ ಅನ್ಯಾಯವೆಂದೇ ಕಾಣುತ್ತದೆ.

ಖಗೋಳಶಾಸ್ತ್ರಜ್ಞರು ಹಬಲ್‌ನ ಸಮಯವನ್ನು ಕೇಳುವುದು ಗಂಟೆಗಳಲ್ಲಲ್ಲ, ಸುತ್ತುಗಳಲ್ಲಿ. ಅಮೆರಿಕದ ಬಾಲ್ಟಿಮೋರ್ ನಗರದ ಜಾನ್ಸ್ ಹಾಪ್ಕಿನ್ಸ್ ವಿಶ್ವವಿದ್ಯಾಲಯದ ಆವರಣದಲ್ಲಿರುವ ಬಾಹ್ಯಾಕಾಶ ದೂರದರ್ಶಕ ವಿಜ್ಞಾನ ಸಂಸ್ಥೆ ವರ್ಷಕ್ಕೊಮ್ಮೆ ಪ್ರಸ್ತಾವಗಳನ್ನು ಆಹ್ವಾನಿಸುತ್ತದೆ. ಜಗತ್ತಿನ ಯಾವುದೇ ಮೂಲೆಯಿಂದ ಯಾರು ಬೇಕಾದರೂ ಅರ್ಜಿ ಹಾಕಬಹುದು. ಬರುವ ಸಾವಿರದಷ್ಟು ಅರ್ಜಿಗಳಲ್ಲಿ ಸ್ಥೂಲವಾಗಿ ಐದಾರಕ್ಕೆ ಒಂದರಂತೆ ಒಪ್ಪಿಗೆ ಸಿಗುತ್ತದೆ. 2018ರಿಂದ ಅರ್ಜಿದಾರರ ಹೆಸರು ಪರಿಶೀಲಕರಿಗೂ ಪರಿಶೀಲಕರ ಹೆಸರು ಅರ್ಜಿದಾರರಿಗೂ ತಿಳಿಯದಂತೆ ಆಯ್ಕೆ ನಡೆಯುತ್ತಿದೆ. ಒಪ್ಪಿಗೆ ಸಿಕ್ಕಿತೆಂದರೆ ಅರ್ಧ ದಾರಿ ಸವೆದಂತೆ ಮಾತ್ರ. ಆ ಬಳಿಕ ವಿಜ್ಞಾನಿ ಯಾವ ಉಪಕರಣ, ಯಾವ ಫಿಲ್ಟರ್, ಪ್ರತಿಯೊಂದು ಚಿತ್ರಕ್ಕೆ ಎಷ್ಟು ಸೆಕೆಂಡುಗಳ ಬೆಳಕು, ಎರಡು ಚಿತ್ರಗಳ ನಡುವೆ ದೂರದರ್ಶಕ ಎಷ್ಟು ಸರಿಯಬೇಕು ಎಂಬುದನ್ನೆಲ್ಲ ಅಕ್ಷರಶಃ ಬರೆದುಕೊಡಬೇಕು. ವೀಕ್ಷಣೆ ನಡೆಯುವಾಗ ಆತ ಅಲ್ಲಿ ಕುಳಿತು "ಸ್ವಲ್ಪ ಎಡಕ್ಕೆ" ಎಂದು ಹೇಳುವ ಅವಕಾಶವಿಲ್ಲ. ಅನೇಕ ಸಲ ತನ್ನ ಗ್ಯಾಲಕ್ಸಿಯ ಚಿತ್ರ ತೆಗೆಯಲಾಗುತ್ತಿರುವ ಹೊತ್ತಿನಲ್ಲಿ ಆತ ಮನೆಯಲ್ಲಿ ನಿದ್ರಿಸುತ್ತಿರುತ್ತಾನೆ.

ವೇಳಾಪಟ್ಟಿ ಎರಡು ಹಂತಗಳಲ್ಲಿ ಸಿದ್ಧವಾಗುತ್ತದೆ. ಮೊದಲನೆಯದು ವರ್ಷಪೂರ್ತಿಯ ದೀರ್ಘಾವಧಿ ಯೋಜನೆ, ಎರಡನೆಯದು ವಾರದ ಪಟ್ಟಿ. ಇಡೀ ವರ್ಷದ್ದನ್ನು ಒಮ್ಮೆಗೇ ನಿಮಿಷದ ಲೆಕ್ಕದಲ್ಲಿ ಏಕೆ ಬರೆದಿಡಬಾರದು ಎಂಬ ಪ್ರಶ್ನೆಗೆ ಉತ್ತರ ಭೂಮಿಯ ವಾಯುಮಂಡಲದಲ್ಲಿದೆ. ಅಷ್ಟು ಎತ್ತರದಲ್ಲೂ ಗಾಳಿಯ ಅತಿ ವಿರಳವಾದ ಅಂಶ ಉಳಿದಿದ್ದು, ಅದು ಹಬಲ್‌ಗೆ ತಡೆಯೊಡ್ಡಿ ಅದರ ಕಕ್ಷೆಯನ್ನು ನಿಧಾನವಾಗಿ ಕುಗ್ಗಿಸುತ್ತಿದೆ. ಸೂರ್ಯನ ಚಟುವಟಿಕೆ ಹೆಚ್ಚಿದಾಗ ವಾಯುಮಂಡಲ ಉಬ್ಬುತ್ತದೆ, ತಡೆಯೂ ಹೆಚ್ಚುತ್ತದೆ, ಮತ್ತು ಸೂರ್ಯ ಮುಂದಿನ ತಿಂಗಳು ಹೇಗಿರುತ್ತಾನೆಂದು ಕರಾರುವಾಕ್ಕಾಗಿ ಹೇಳಲಾಗದು. ಎರಡು ದಿನ ಮುಂಚಿತವಾಗಿ ಹಬಲ್ ಎಲ್ಲಿರುತ್ತದೆಂದು ಲೆಕ್ಕ ಹಾಕಿದರೆ 30 ಕಿಲೋಮೀಟರಿನಷ್ಟು ತಪ್ಪಬಹುದು. 44 ದಿನ ಮುಂಚಿತವಾಗಿ ಹಾಕಿದ ಲೆಕ್ಕ 4,000 ಕಿಲೋಮೀಟರಿನಷ್ಟು ತಪ್ಪಿದರೂ ಆಶ್ಚರ್ಯವಿಲ್ಲ. 4,000 ಕಿಲೋಮೀಟರ್ ಎಂದರೆ ಹಬಲ್‌ನ ವೇಗಕ್ಕೆ ಸುಮಾರು ಒಂಬತ್ತು ನಿಮಿಷದ ದಾರಿ, ಅಂದರೆ ಗುರಿ ಭೂಮಿಯ ಅಂಚಿನಿಂದ ಮೇಲೇಳುವ ಗಳಿಗೆಯೂ ಅಷ್ಟೇ ಆಚೀಚೆಯಾಗುತ್ತದೆ. ಆದ್ದರಿಂದ ದೀರ್ಘಾವಧಿ ಯೋಜನೆಯಲ್ಲಿ ಪ್ರತಿ ವೀಕ್ಷಣೆಗೂ ಸೂಕ್ತವಾದ ಕೆಲವು ವಾರಗಳನ್ನು ಮಾತ್ರ ಗುರುತಿಸಿ, ಗಳಿಗೆಯನ್ನು ನಿಗದಿಪಡಿಸುವುದನ್ನು ಕೊನೆಯ ಹಂತಕ್ಕೆ ಬಿಡುತ್ತಾರೆ.

ವಾರದ ಪಟ್ಟಿಯಲ್ಲಿ ನಿರ್ಬಂಧಗಳ ಸಾಲೇ ಇದೆ. ಸಾಮಾನ್ಯ ನಿಯಮದಂತೆ ಸೂರ್ಯನಿಂದ 50 ಡಿಗ್ರಿಗಿಂತ ಒಳಗಿನ ಆಕಾಶದತ್ತ ಹಬಲ್ ತಿರುಗುವಂತಿಲ್ಲ. ಈ ಕಾರಣಕ್ಕೆ ಬುಧಗ್ರಹ ಅದರ ಪಾಲಿಗೆ ಇಲ್ಲವೇ ಇಲ್ಲ. ಶುಕ್ರನೂ ಈ ಗಡಿಯ ಒಳಗೇ ಉಳಿಯುವ ಗ್ರಹವಾದರೂ, 1995ರ ಜನವರಿಯಲ್ಲಿ ವಿಶೇಷ ಎಚ್ಚರಿಕೆ ವಹಿಸಿ ಅದನ್ನು ನೋಡಲಾಯಿತು. ಇನ್ನೊಂದು ನಿರ್ಬಂಧ ಅಷ್ಟು ಸುಲಭವಾಗಿ ಹೊಳೆಯುವಂಥದಲ್ಲ. ಹಬಲ್‌ನ ಸೌರಫಲಕಗಳು ಸೂರ್ಯನಿಗೆ ಮುಖ ಮಾಡಿರಲೇಬೇಕಾದ್ದರಿಂದ, ಒಂದು ಗುರಿಯತ್ತ ನೋಡುತ್ತಿರುವ ದೂರದರ್ಶಕ ತನ್ನ ಅಕ್ಷದ ಸುತ್ತ ಎಷ್ಟು ಹೊರಳಿರಬೇಕೆಂಬುದನ್ನು ವರ್ಷದ ಆ ದಿನವೇ ನಿರ್ಧರಿಸುತ್ತದೆ. ಅದರಿಂದ ಆಚೀಚೆ ಹೊರಳಲು ಇರುವ ಸ್ವಾತಂತ್ರ್ಯ ಸೀಮಿತ. ಒಂದು ಗ್ಯಾಲಕ್ಸಿಯ ಉದ್ದಕ್ಕೂ, ಬೆಳಕನ್ನು ಬಣ್ಣಗಳಾಗಿ ಬಿಡಿಸುವ ರೋಹಿತದರ್ಶಕದ ಸೀಳುಗಂಡಿಯನ್ನು ಜೋಡಿಸಬೇಕೆಂದು ಬಯಸುವ ವಿಜ್ಞಾನಿ, ಸೂರ್ಯ ಆಕಾಶದಲ್ಲಿ ತಕ್ಕ ಸ್ಥಳಕ್ಕೆ ಬರುವವರೆಗೆ ತಿಂಗಳುಗಟ್ಟಲೆ ಕಾಯಬೇಕಾಗಬಹುದು.

ಇದರ ಜೊತೆಗೆ ದಕ್ಷಿಣ ಅಟ್ಲಾಂಟಿಕ್ ಸಾಗರ ಮತ್ತು ದಕ್ಷಿಣ ಅಮೆರಿಕದ ಮೇಲೆ ಭೂಮಿಯ ಕಾಂತಕ್ಷೇತ್ರ ದುರ್ಬಲವಾಗಿರುವ ಒಂದು ವಲಯವಿದೆ. ಅಲ್ಲಿ ಭೂಮಿಯನ್ನು ಸುತ್ತುವರಿದ ವ್ಯಾನ್ ಅಲೆನ್ ವಿಕಿರಣ ಪಟ್ಟಿಯ ವಿದ್ಯುದಾವಿಷ್ಟ ಕಣಗಳು ಕೆಳಮಟ್ಟದವರೆಗೂ ಇಳಿದುಬರುತ್ತವೆ. ದಿನದ ಹದಿನೈದು ಸುತ್ತುಗಳಲ್ಲಿ ಏಳರಿಂದ ಒಂಬತ್ತು ಸುತ್ತುಗಳು ಒಂದರ ಹಿಂದೊಂದು ಈ ವಲಯವನ್ನು ಹಾದುಹೋಗುತ್ತವೆ, ಪ್ರತಿ ಸಲವೂ ಇಪ್ಪತ್ತು-ಇಪ್ಪತ್ತೈದು ನಿಮಿಷಗಳವರೆಗೆ. ಆ ಅವಧಿಯಲ್ಲಿ ತೆಗೆದ ಚಿತ್ರಗಳು ಕಣಗಳ ಹೊಡೆತದಿಂದ ಚುಕ್ಕೆಮಯವಾಗುವುದರಿಂದ ವೀಕ್ಷಣೆ ನಿಲ್ಲಿಸಲಾಗುತ್ತದೆ; ಸೂಕ್ಷ್ಮವಾದ ಕೆಲವು ಸಂವೇದಕಗಳ ವಿದ್ಯುತ್ ಒತ್ತಡವನ್ನೇ ತಗ್ಗಿಸಬೇಕಾಗುತ್ತದೆ. ಉಳಿದ ಐದಾರು ಸುತ್ತುಗಳು ನಿರ್ವಿಘ್ನ. ದೀರ್ಘ ವೀಕ್ಷಣೆಗಳಿಗೆ ಬೇಡಿಕೆ ಇರುವುದು ಈ ಸುತ್ತುಗಳಿಗೇ.

ಈಗ ಒಂದು ಸುತ್ತನ್ನು ಹತ್ತಿರದಿಂದ ನೋಡೋಣ. ಹಿಂದಿನ ಗುರಿ ಭೂಮಿಯ ಮರೆಗೆ ಸರಿದಿದೆ ಮತ್ತು ಮುಂದಿನ ಗುರಿ 90 ಡಿಗ್ರಿ ದೂರದಲ್ಲಿದೆ ಎಂದಿಟ್ಟುಕೊಳ್ಳಿ. ಹಬಲ್‌ನಲ್ಲಿ ಅನಿಲ ಉಗುಳುವ ಯಾವ ಎಂಜಿನ್ನೂ ಇಲ್ಲ, ಏಕೆಂದರೆ ಆ ಅನಿಲ ಕನ್ನಡಿಯ ಮೇಲೆ ಕೂತು ಅದನ್ನು ಹಾಳುಮಾಡೀತು. ಅದರ ಬದಲು ಒಡಲಿನೊಳಗೆ ನಾಲ್ಕು ಭಾರವಾದ ಚಕ್ರಗಳಿವೆ. ಒಂದು ಚಕ್ರದ ವೇಗವನ್ನು ಒಂದು ದಿಕ್ಕಿನಲ್ಲಿ ಹೆಚ್ಚಿಸಿದರೆ ದೂರದರ್ಶಕದ ಒಡಲು ಎದುರು ದಿಕ್ಕಿಗೆ ತಿರುಗುತ್ತದೆ. ಹೀಗೆ ತಿರುಗುವ ವೇಗ ಗಡಿಯಾರದ ನಿಮಿಷದ ಮುಳ್ಳಿನಷ್ಟು, ಅಂದರೆ 90 ಡಿಗ್ರಿ ತಿರುಗಲು ಕಾಲು ಗಂಟೆ. ತಿರುಗುವ ಕೆಲಸ ಸಾಧ್ಯವಾದಷ್ಟೂ ಭೂಮಿ ಅಡ್ಡ ಬಂದಿರುವ ಹೊತ್ತಿನಲ್ಲೇ ಮುಗಿಯುವಂತೆ ಪಟ್ಟಿ ಹೊಂದಿಸಿರುತ್ತಾರೆ. ಎಷ್ಟು ತಿರುಗಿದೆ ಎಂಬುದನ್ನು ನಿಮಿಷಕ್ಕೆ 19,200 ಸಲ ಸುತ್ತುವ ಗೈರೊಸ್ಕೋಪ್‌ಗಳು ಅಳೆಯುತ್ತವೆ. ಆದರೆ ಗೈರೊಸ್ಕೋಪ್‌ಗಳ ಅಳತೆಯೊಂದನ್ನೇ ನಂಬಿ ಚಿತ್ರ ತೆಗೆಯಲಾಗದು. ಅಲ್ಲಿಂದ ಮುಂದಿನ ಹೊಣೆ ಮಾರ್ಗದರ್ಶಿ ನಕ್ಷತ್ರಗಳದ್ದು.

ಗುರಿಯ ಸುತ್ತಮುತ್ತ ಇರುವ ಎರಡು ನಕ್ಷತ್ರಗಳನ್ನು ಮೊದಲೇ ಆರಿಸಿಟ್ಟಿರುತ್ತಾರೆ. ಹಬಲ್‌ನ ಮೂರು ಸೂಕ್ಷ್ಮ ಮಾರ್ಗದರ್ಶಕ ಸಂವೇದಕಗಳಲ್ಲಿ ಎರಡು ಈ ನಕ್ಷತ್ರಗಳನ್ನು ಹುಡುಕಿ ಹಿಡಿಯಬೇಕು. ಇದಕ್ಕೆ ಆರೇಳು ನಿಮಿಷ ಬೇಕು. ಅಮೂಲ್ಯವಾದ ಐವತ್ತು ಚಿಲ್ಲರೆ ನಿಮಿಷಗಳಲ್ಲಿ ಇಷ್ಟು ಇದಕ್ಕೇ ಸಂದಾಯವಾಗುತ್ತದೆ. ನಕ್ಷತ್ರಗಳು ಸಿಕ್ಕಿದವೆಂದರೆ ದೂರದರ್ಶಕ 0.007 ಆರ್ಕ್ ಸೆಕೆಂಡಿನೊಳಗೆ ಅಲುಗದೆ ನಿಲ್ಲುತ್ತದೆ (ಒಂದು ಆರ್ಕ್ ಸೆಕೆಂಡ್ ಎಂದರೆ ಒಂದು ಡಿಗ್ರಿಯ 3,600ನೆಯ ಒಂದು ಭಾಗ). ನೂರು ಕಿಲೋಮೀಟರ್ ದೂರದಲ್ಲಿ ಇದು ಮೂರೂವರೆ ಮಿಲಿಮೀಟರಿನಷ್ಟು ಅಂತರ. ಇಲ್ಲೊಂದು ಸ್ವಾರಸ್ಯವಿದೆ. ಹಬಲ್ ಸೆಕೆಂಡಿಗೆ ಏಳೂವರೆ ಕಿಲೋಮೀಟರ್ ವೇಗದಲ್ಲಿ ಒಂದು ಬದಿಯಲ್ಲಿ ಮುಂದಕ್ಕೂ ಅರ್ಧ ಸುತ್ತಿನ ಬಳಿಕ ಎದುರು ದಿಕ್ಕಿಗೂ ಧಾವಿಸುವುದರಿಂದ, ನಕ್ಷತ್ರಗಳ ತೋರಿಕೆಯ ಸ್ಥಾನ ಐದು ಆರ್ಕ್ ಸೆಕೆಂಡುಗಳವರೆಗೆ ಆ ಕಡೆಗೂ ಈ ಕಡೆಗೂ ಓಲಾಡುತ್ತದೆ. ದೂರದರ್ಶಕ ಕಾಯ್ದುಕೊಳ್ಳಬೇಕಾದ ನಿಖರತೆಗಿಂತ ಇದು ಏಳುನೂರು ಪಟ್ಟು ದೊಡ್ಡದು. ಹೀಗಾಗಿ ಒಳಗಿನ ಕಂಪ್ಯೂಟರ್ ಈ ಓಲಾಟವನ್ನು ಎಡೆಬಿಡದೆ ಲೆಕ್ಕ ಹಾಕಿ ಸರಿಪಡಿಸುತ್ತಲೇ ಇರಬೇಕು.

ಮಾರ್ಗದರ್ಶಿ ನಕ್ಷತ್ರಗಳ ಮೊದಲ ಪಟ್ಟಿಯನ್ನು ಹಬಲ್‌ಗಾಗಿಯೇ ತಯಾರಿಸಬೇಕಾಯಿತು. ಅಮೆರಿಕದ ಪಾಲೊಮಾರ್ ಮತ್ತು ಆಸ್ಟ್ರೇಲಿಯದ ಸೈಡಿಂಗ್ ಸ್ಪ್ರಿಂಗ್‌ನ ಆಕಾಶದ ವಿಶಾಲ ಭಾಗವನ್ನು ಒಮ್ಮೆಗೇ ಸೆರೆಹಿಡಿಯುವ ಶ್ಮಿಟ್ ದೂರದರ್ಶಕಗಳಲ್ಲಿ ತೆಗೆದ ಗಾಜಿನ ಛಾಯಾಫಲಕಗಳನ್ನು ಒಂದೊಂದಾಗಿ ಸ್ಕ್ಯಾನ್ ಮಾಡಿ, ಸುಮಾರು ಒಂದೂವರೆ ಕೋಟಿ ನಕ್ಷತ್ರಗಳ ಸ್ಥಾನಗಳನ್ನು ಅಳೆದಿಟ್ಟರು. ಇಷ್ಟಾದರೂ ಕೆಲವು ಸಲ ಒಂಟಿ ಎಂದು ನಂಬಿದ ನಕ್ಷತ್ರ ವಾಸ್ತವದಲ್ಲಿ ಜೋಡಿಯಾಗಿದ್ದು, ಸಂವೇದಕ ಯಾವುದನ್ನು ಹಿಡಿಯಬೇಕೆಂದು ತಿಳಿಯದೆ ಸೋಲುತ್ತದೆ. ಆಗ ಆ ವೀಕ್ಷಣೆ ಕೈತಪ್ಪಿದಂತೆ. ವಿಜ್ಞಾನಿ ಮರುವೀಕ್ಷಣೆಗೆ ಕೋರಿಕೆ ಸಲ್ಲಿಸಿ ಮತ್ತೆ ಸರದಿಯಲ್ಲಿ ನಿಲ್ಲಬೇಕು.

ನಕ್ಷತ್ರ ಸಿಕ್ಕಿತು ಎಂದಾದರೆ ಉಳಿದ ನಲವತ್ತು ಚಿಲ್ಲರೆ ನಿಮಿಷಗಳಲ್ಲಿ ಚಿತ್ರಗಳು ಸರಸರನೆ ಮುಗಿಯಬೇಕು. ಒಂದೇ ದೀರ್ಘ ಚಿತ್ರದ ಬದಲು ಹಲವು ತುಣುಕುಗಳನ್ನು ತೆಗೆದು, ನಡುನಡುವೆ ದೂರದರ್ಶಕವನ್ನು ಕೂದಲೆಳೆಯಷ್ಟು ಸರಿಸುತ್ತಾರೆ. ಕಾಸ್ಮಿಕ್ ಕಿರಣ ಬಡಿದ ಚುಕ್ಕೆ ಒಂದು ತುಣುಕಿನಲ್ಲಿದ್ದು ಮತ್ತೊಂದರಲ್ಲಿ ಇರುವುದಿಲ್ಲವಾದ್ದರಿಂದ ಹೋಲಿಸಿ ಅಳಿಸಬಹುದು. ನಕ್ಷತ್ರವಾದರೆ ಎಲ್ಲದರಲ್ಲೂ ಇರುತ್ತದೆ. ಗುರಿ ಮತ್ತೆ ಭೂಮಿಯ ಹಿಂದೆ ಸರಿದ ಮೇಲೂ ಉಪಕರಣಗಳು ಸುಮ್ಮನಿರುವುದಿಲ್ಲ. ಮುಚ್ಚಳ ಮುಚ್ಚಿದ ಸ್ಥಿತಿಯಲ್ಲಿ ಬೆಳಕಿಲ್ಲದ ಚಿತ್ರಗಳನ್ನು ತೆಗೆದು, ಸಂವೇದಕ ತಾನಾಗಿ ಎಷ್ಟು ಸುಳ್ಳು ಸಂಕೇತ ಕೊಡುತ್ತದೆಂದು ಅಳೆಯುತ್ತಾರೆ. ವಿಕಿರಣದಿಂದ ಕೆಟ್ಟ ಪಿಕ್ಸೆಲ್‌ಗಳು ದಿನದಿಂದ ದಿನಕ್ಕೆ ಹೆಚ್ಚುತ್ತ ಹೋಗುವುದರಿಂದ ಈ ಅಳತೆ ಹಳತಾಗುತ್ತಲೇ ಇರುತ್ತದೆ. ತಿಂಗಳಿಗೊಮ್ಮೆ, ಮೈನಸ್ 80 ಡಿಗ್ರಿ ಸೆಲ್ಸಿಯಸ್‌ನ ಆಸುಪಾಸಿನಲ್ಲಿರುವ ಸಂವೇದಕಗಳನ್ನು ಬೆಚ್ಚಗಾಗಲು ಬಿಟ್ಟು ಮತ್ತೆ ತಣಿಸುತ್ತಾರೆ. ಕೆಟ್ಟ ಪಿಕ್ಸೆಲ್‌ಗಳಲ್ಲಿ ಹಲವು ಇದರಿಂದ ಗುಣವಾಗುತ್ತವೆ.

ಆಕಾಶದ ಎಲ್ಲ ಗುರಿಗಳೂ ಹೀಗೆ ಮುಳುಗಿ ಮೂಡುವುದಿಲ್ಲ ಎಂಬುದನ್ನೂ ಹೇಳಬೇಕು. ಹಬಲ್‌ನ ಕಕ್ಷಾತಲಕ್ಕೆ ಲಂಬವಾಗಿರುವ ದಿಕ್ಕುಗಳ ಸುತ್ತ, ಭೂಮಿ ಅಡ್ಡ ಬಾರದ ಚಿಕ್ಕ ವಲಯಗಳಿವೆ. 1995ರ ಡಿಸೆಂಬರಿನಲ್ಲಿ ಸಂಸ್ಥೆಯ ನಿರ್ದೇಶಕರಾಗಿದ್ದ ರಾಬರ್ಟ್ ವಿಲಿಯಮ್ಸ್ ತಮ್ಮ ವಿವೇಚನೆಗೆ ಮೀಸಲಾದ ಸಮಯವನ್ನು ಸಪ್ತರ್ಷಿ ಮಂಡಲದ ಒಂದು ಖಾಲಿ ಎನಿಸುವ ತುಣುಕಿಗೆ ವಿನಿಯೋಗಿಸಿದಾಗ, ಆ ತುಣುಕನ್ನು ಆರಿಸಲು ಇದೂ ಒಂದು ಕಾರಣವಾಗಿತ್ತು. ಹತ್ತು ದಿನ, ಸುಮಾರು 150 ಸುತ್ತು, 342 ಚಿತ್ರ. ಅವನ್ನು ಸೇರಿಸಿದಾಗ ಮೂರು ಸಾವಿರದಷ್ಟು ಗ್ಯಾಲಕ್ಸಿಗಳು ಕಂಡವು. ಜನ ಆ ಚಿತ್ರವನ್ನು ಕೊಂಡಾಡುವುದು ನ್ಯಾಯವೇ. ಅದರ ಹಿಂದಿದ್ದ ವೇಳಾಪಟ್ಟಿಯ ಜಾಣ್ಮೆಯೂ ಅಷ್ಟೇ ಮೆಚ್ಚತಕ್ಕದ್ದು.

ಸಿದ್ಧವಾದ ವಾರದ ಪಟ್ಟಿಯನ್ನು ಸಾವಿರಾರು ಆದೇಶಗಳಾಗಿ ಪರಿವರ್ತಿಸಿ, ಮೇರಿಲ್ಯಾಂಡಿನಲ್ಲಿರುವ ನಾಸಾದ ಗಾಡರ್ಡ್ ಕೇಂದ್ರದಿಂದ ಭೂಸ್ಥಾಯಿ ಎತ್ತರದ ಸಂಪರ್ಕ ಉಪಗ್ರಹಗಳ ಮೂಲಕ ಹಬಲ್‌ಗೆ ಕಳಿಸುತ್ತಾರೆ. ಚಿತ್ರಗಳು ಅದೇ ಉಪಗ್ರಹಗಳ ಮೂಲಕ ನ್ಯೂ ಮೆಕ್ಸಿಕೋದ ವೈಟ್ ಸ್ಯಾಂಡ್ಸ್‌ಗೆ ಇಳಿದು, ಗಾಡರ್ಡ್ ದಾಟಿ ಬಾಲ್ಟಿಮೋರಿನ ಸಂಗ್ರಹಾಗಾರ ಸೇರುತ್ತವೆ. ಇಳಿಯುವ ವೇಗ ಸೆಕೆಂಡಿಗೆ ಹತ್ತು ಲಕ್ಷ ಬಿಟ್. ಇಂದಿನ ಸಾಧಾರಣ ಮೊಬೈಲ್ ಫೋನೂ ಇದಕ್ಕಿಂತ ಚುರುಕು. ನಿಯಂತ್ರಣ ಕೊಠಡಿಯಲ್ಲಿ ಹಿಂದೆ ಹಗಲಿರುಳು ಸಿಬ್ಬಂದಿ ಇರುತ್ತಿದ್ದರು. ಈಗ ಬಹುಪಾಲು ಕೆಲಸ ಸ್ವಯಂಚಾಲಿತವಾಗಿದ್ದು, ಏನಾದರೂ ಅಸಹಜವಾದಾಗ ಎಂಜಿನಿಯರುಗಳಿಗೆ ಸಂದೇಶ ಹೋಗುತ್ತದೆ.

ಪಟ್ಟಿ ಎಷ್ಟೇ ಬಿಗಿಯಾಗಿದ್ದರೂ ಅದನ್ನು ಒಡೆಯಬೇಕಾದ ಸಂದರ್ಭಗಳು ಬರುತ್ತವೆ. 2017ರ ಆಗಸ್ಟ್ 17ರಂದು ಎರಡು ನ್ಯೂಟ್ರಾನ್ ನಕ್ಷತ್ರಗಳು ಡಿಕ್ಕಿ ಹೊಡೆದುದರಿಂದ ಎದ್ದ ಗುರುತ್ವ ತರಂಗಗಳು ದಾಖಲಾದಾಗ, ಆ ಡಿಕ್ಕಿಯಿಂದ ಹೊಮ್ಮಿ ಕೆಲವೇ ದಿನಗಳಲ್ಲಿ ಮಂಕಾಗಲಿದ್ದ ಬೆಳಕಿಗಾಗಿ ವಾರದ ಪಟ್ಟಿಯನ್ನು ತಿದ್ದಿ ಬರೆಯಲಾಯಿತು. ಅಂಥ ವೇಳೆ ಬೇರೆ ಯಾರದೋ ವೀಕ್ಷಣೆ ಮುಂದಕ್ಕೆ ಹೋಗುತ್ತದೆ. ಇದಕ್ಕೆ ವಿರುದ್ಧವಾಗಿ, ಪಟ್ಟಿಯಲ್ಲಿ ಎಲ್ಲಿ ಚಿಕ್ಕ ಬಿಡುವು ಉಳಿಯುತ್ತದೋ ಅಲ್ಲಿ ತುಂಬಲೆಂದೇ ಗಿಡ್ಡ ವೀಕ್ಷಣೆಗಳ ಒಂದು ದೊಡ್ಡ ರಾಶಿಯನ್ನು ಕೈಯಲ್ಲಿಟ್ಟುಕೊಂಡಿರುತ್ತಾರೆ. ಅವುಗಳಲ್ಲಿ ಯಾವುದಕ್ಕೆ ಯಾವಾಗ ಸರದಿ ಬರುತ್ತದೆ, ಬರುತ್ತದೆಯೇ ಇಲ್ಲವೇ ಎಂಬುದಕ್ಕೆ ಖಾತರಿಯಿಲ್ಲ.

ಪಟ್ಟಿ ತಯಾರಿಸುವವರ ಕೈ ಕಟ್ಟಿಹಾಕಿದ ಇತ್ತೀಚಿನ ಬದಲಾವಣೆ 2024ರದು. 2009ರಲ್ಲಿ ಗಗನಯಾತ್ರಿಗಳು ಕೊನೆಯ ಬಾರಿ ಹೋಗಿ ಅಳವಡಿಸಿದ ಆರು ಗೈರೊಸ್ಕೋಪ್‌ಗಳಲ್ಲಿ ಮೂರು ಕೆಟ್ಟಿದ್ದವು. ನಾಲ್ಕನೆಯದೂ ತಪ್ಪು ಅಳತೆ ಕೊಡತೊಡಗಿ, ಮೇ ತಿಂಗಳಿನಲ್ಲಿ ದೂರದರ್ಶಕ ತನ್ನಷ್ಟಕ್ಕೆ ವೀಕ್ಷಣೆ ನಿಲ್ಲಿಸಿ ಸುರಕ್ಷಿತ ಸ್ಥಿತಿಗೆ ಹೋಯಿತು. ಜೂನ್‌ನಲ್ಲಿ ಅದನ್ನು ಮತ್ತೆ ಕೆಲಸಕ್ಕೆ ಹಚ್ಚಿದ್ದು ಒಂದೇ ಗೈರೊಸ್ಕೋಪ್ ಬಳಸಿ, ಇನ್ನೊಂದನ್ನು ಮೀಸಲಿಟ್ಟು. ಉಳಿದ ಅಳತೆಗಳನ್ನು ಸೂರ್ಯ ಸಂವೇದಕ, ಕಾಂತಮಾಪಕ ಮತ್ತು ನಕ್ಷತ್ರಗಳನ್ನು ಗುರುತಿಸುವ ಸಣ್ಣ ಕ್ಯಾಮೆರಾಗಳಿಂದ ಪಡೆಯುತ್ತಾರೆ. ಚಿತ್ರಗಳ ಗುಣಮಟ್ಟ ಕುಂದಿಲ್ಲ, ಆದರೆ ತಿರುಗಿ ಗುರಿ ಹಿಡಿಯಲು ಹೆಚ್ಚು ಸಮಯ ಬೇಕಾಗಿದೆ. ವಾರಕ್ಕೆ 85ರಷ್ಟು ಸುತ್ತುಗಳನ್ನು ವೀಕ್ಷಣೆಗೆ ಕೊಡಲಾಗುತ್ತಿದ್ದ ಕಡೆ ಈಗ ಸುಮಾರು 74. ಮಂಗಳಗ್ರಹಕ್ಕಿಂತ ಹತ್ತಿರದಲ್ಲಿ ವೇಗವಾಗಿ ಸರಿಯುವ ಧೂಮಕೇತು ಮತ್ತು ಕ್ಷುದ್ರಗ್ರಹಗಳನ್ನು ಹಿಂಬಾಲಿಸುವುದು ಈ ಸ್ಥಿತಿಯಲ್ಲಿ ಸಾಧ್ಯವಿಲ್ಲವಾದ್ದರಿಂದ, ಅಂಥ ವೀಕ್ಷಣೆಗಳಿಗೆ ವಾರದ ಪಟ್ಟಿಯಲ್ಲಿ ಈಗ ಜಾಗವಿಲ್ಲ.